ಸೊಂಟದ ಹೊಲಿಗೆ

ಒಂದೇ ಕೋಣೆಯ ಮನೆ. ದರ್ಜಿ ತಾಯಿಯ ಹೊಲಿಗೆ ಯಂತ್ರಕ್ಕೆ ಒತ್ತಿಕೊಂಡೇ ಎಂಟು ವರ್ಷದ ಮಗಳ ಹಾಸಿಗೆ. ಮಗಳು ದಪ್ಪಗಾಗುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಅವಳ ಶಾಲೆಯ ಲಂಗದ ಸೊಂಟದ ಹೊಲಿಗೆ ಬಿಚ್ಚಿ ಸಡಿಲಿಸಿ ಸಾಕಾದ ತಾಯಿ, ಕೊನೆಗೆ ಊಟಕ್ಕೇ ಕತ್ತರಿ ಹಾಕಿದಳು. "ಹೊಟ್ಟೆಬಾಕಿ, ಸಾಕು ಏಳು!" ಎಂದು ತಟ್ಟೆ ಕಿತ್ತುಕೊಂಡಳು. ಆದರೂ ಹುಡುಗಿ ಊದುತ್ತಲೇ ಹೋದಳು.

ಆಸ್ಪತ್ರೆಗೆ ಕರೆತಂದ ತಾಯಿ, ಊಟ ಕಡಿಮೆ ಮಾಡಿದರೂ ಮಗಳು ಊದುತ್ತಿದ್ದಾಳೆ ಎಂದು ಹೇಳಿಕೊಂಡಳು. ಡಾಕ್ಟರು ಮೊದಲು ಊಟದ ಮಾತೇ ಎತ್ತಲಿಲ್ಲ. "ಎಷ್ಟೊತ್ತಿಗೆ ಮಲಗ್ತೀಯಮ್ಮ?" ಎಂದು ಮಗುವನ್ನು ಕೇಳಿದರು.

"ಅಮ್ಮನ ಮಿಷನ್ ನಿಂತ ಮೇಲೆ."

ಡಾಕ್ಟರು ತಾಯಿಯತ್ತ ತಿರುಗಿದರು. "ನಿದ್ದೆ ಕೆಟ್ರೆ ಮೈಯೊಳಗಿನ ಜೀನ್‌ಗಳ ಕೆಲಸಾನೂ ಹದ ತಪ್ಪುತ್ತೆ. ಬೊಜ್ಜು ಬರೋಕೆ ಅದೂ ಒಂದು ಕಾರಣ. ಮಗೂನ ಉಪವಾಸ ಕೆಡವಬೇಡಿ ತಾಯಿ, ಬೇಗ ಮಲಗಿಸಿ."

ಮೆಟ್ಟಿಲಿಳಿಯುವಾಗ ಮಗಳು ಮೆಲ್ಲಗೆ ಅವಳ ಕೈ ಜಗ್ಗಿದಳು.

"ಅಮ್ಮಾ, ಹಂಗಾದ್ರೆ ಇವತ್ತು ಇನ್ನೊಂದು ಸಲ ಬಡಿಸ್ತೀಯಾ?"