ಮೂರು ಬೆರಳಿನ ತೀರ್ಪು

ಸೂರ್ಯ ಇನ್ನೂ ಕಣ್ಣುಜ್ಜುತ್ತಿದ್ದಾನೆ. ಕೋಳಿ ಸಾಕುವ ತಗಡಿನ ಶೆಡ್ಡು ಮಾತ್ರ ಆಗಲೇ ಕಾದ ಕಾವಲಿ. ಕೋಳಿ ಆರಿಸುವ ಕೆಲಸದಿಂದಲೇ ಈ ಹೆಸರು ಪಡೆದ ಬೆರಳತ್ತೆ ಒಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅದರ ಹಿಂಭಾಗದ ಎರಡು ಎಲುಬುಗಳ ನಡುವೆ ಬೆರಳಿಡುತ್ತಾರೆ. ಮೂರು ಬೆರಳು ಹಿಡಿಸಿದರೆ ಮೊಟ್ಟೆಯ ಕೋಳಿ. ಒಂದೇ ಹಿಡಿಸಿದರೆ ಮಾಂಸದ ಲಾರಿ. ಇಪ್ಪತ್ತಾರು ವರ್ಷಗಳಲ್ಲಿ ಇವರು ಮುಟ್ಟಿದ ಕೋಳಿಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ್ರನಿಗೆ ಎರಡು ಸುತ್ತು ಬಂದೀತು, ಕಡಿಮೆ ಹೇಳಿದರೆ.

"ನನ್ನ ಸೊಂಟ ನೋಡ್ಬೇಡಿ ಅತ್ತೆ, ಲಾರಿ ಹತ್ತಿಸಿಬಿಟ್ಟೀರಿ" ಎಂದು ಸೊಸೆ ಮದುವೆಯಾದ ವಾರವೇ ಗೇಲಿ ಮಾಡಿದ್ದಳಂತೆ. ಇವತ್ತು ಬುತ್ತಿ ತಂದ ಅದೇ ಸೊಸೆ ಕೋಳಿಗಳಿಗೆ ನೀರಿಡುತ್ತಿದ್ದಾಳೆ.

ಮಧ್ಯಾಹ್ನದೊಳಗೆ ಮಾಂಸದ ಲಾರಿಗೆ ಇನ್ನೂರು ಕೋಳಿ ಆರಿಸಿ ಕೊಡಬೇಕೆಂದು ಶೆಡ್ಡಿನ ಯಜಮಾನರ ಅಪ್ಪಣೆ. ಇರುವುದು ನಾನೂರು: ಅರ್ಧ ಬಿಳಿ ತಳಿ, ಅರ್ಧ ಬೋಳುಕತ್ತಿನ ನಾಟಿ. ತಂಪುಗಾಲದಲ್ಲಿ ಬಿಳಿಯವು ವಾರಕ್ಕೆ ಆರು ಮೊಟ್ಟೆ ಸುರಿಯುತ್ತವೆ. ಈ ಸೆಕೆಗೆ ಮೊಟ್ಟೆ ಇಡುವುದನ್ನೇ ನಿಲ್ಲಿಸಿವೆ. ಕೊಕ್ಕು ತೆರೆದು ಏದುಸಿರು ಬಿಡುತ್ತಿವೆ. ನಿನ್ನೆ ಹದಿನೇಳು ಸತ್ತವು. ನಾಟಿಯವು ಯಾವ ಕಾಲಕ್ಕೂ ವಾರಕ್ಕೆ ಮೂರೇ ಮೊಟ್ಟೆ, ಆದರೆ ಬಿಸಿಲಿಗೂ ಜಗ್ಗುವುದಿಲ್ಲ.

"ಈ ಬಿಸಿಲಲ್ಲಿ ಬಿಳಿಯವೆಲ್ಲಾ ಒಂದೇ ಬೆರಳು. ಎಲುಬು ಮುಚ್ಕೊಂಡಿರೋದು ಸೆಕೆಗೆ, ಸೋಮಾರಿತನಕ್ಕಲ್ಲ" ಎನ್ನುತ್ತಾರೆ ಬೆರಳತ್ತೆ ಸೊಸೆಗೆ.

ಇದು ಪೆಟ್ಟು ತಿಂದು ಕಲಿತದ್ದು. ಹನ್ನೊಂದು ವರ್ಷದ ಹಿಂದೆ ಇಂಥದೇ ಬೇಸಿಗೆಯಲ್ಲಿ ಬೆರಳನ್ನು ನಂಬಿ ಮುನ್ನೂರನ್ನು ಲಾರಿ ಹತ್ತಿಸಿದರು. ಲಾರಿಯಲ್ಲಿ ಜಾಗ ಸಾಲದೆ ಉಳಿದ ಎಂಟು ಒಂದೇ ಬೆರಳಿನ ಕೋಳಿಗಳು ಮಳೆ ಬಿದ್ದ ಮೂರನೇ ವಾರ ಮೊಟ್ಟೆ ಇಟ್ಟು ಬುಟ್ಟಿ ತುಂಬಿಸಿದವು. ಆ ಬುಟ್ಟಿ ಹೊರಲು ಆನೆಯೇ ಬೇಕಿತ್ತು. ಬೆರಳತ್ತೆ ಅಂದು ಊಟ ಮಾಡಲಿಲ್ಲ.

ಲಾರಿ ಬಂದು ನಿಲ್ಲುತ್ತದೆ, ಹಿಂದೆಯೇ ಯಜಮಾನರು.

"ಮಳೆವರೆಗೆ ತಡ್ಕೊಳ್ಳಿ ಯಜಮಾನ್ರೇ. ಹದಿನೈದೇ ದಿನ."

"ಮಳೆ ಏನು ನಿನ್ನ ಅಳಿಯನಾ, ಹೇಳಿದ ದಿನಕ್ಕೆ ಬರೋಕೆ? ನೀನು ಆರಿಸ್ದಿದ್ರೆ ನಾನೂರನ್ನೂ ಹತ್ತಿಸ್ತೀನಿ."

ಬೆರಳತ್ತೆ ಬಿಳಿಯವುಗಳ ಕಡೆ ನಡೆಯುತ್ತಾರೆ. "ಮಳೆ ಕಾಣೋವಷ್ಟು ಜೀವ ಇರೋದು ನಾಟಿಯವಕ್ಕೇ" ಎಂದು ಸೊಸೆಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ರೆಕ್ಕೆ ಕೂಡಿಸಿ ಒಂದೊಂದನ್ನೇ ಎತ್ತಿ ಕೊಡುತ್ತಾರೆ. ಇನ್ನೂರರಲ್ಲಿ ಒಂದಕ್ಕೂ ಬೆರಳಿಡುವುದಿಲ್ಲ.

ಲಾರಿ ತಿರುವು ದಾಟಿದ ಮೇಲೆ ಖಾಲಿ ಅರ್ಧ ಶೆಡ್ಡನ್ನು ಗುಡಿಸುತ್ತಾ ಸೊಸೆಗೆ ಹೇಳುತ್ತಾರೆ: "ತಂಪು ಬಂದಾಗ ಬುಟ್ಟಿ ಯಾಕೆ ತುಂಬ್ತಿಲ್ಲ ಅಂತ ಯಜಮಾನ್ರು ಕೇಳೇ ಕೇಳ್ತಾರೆ. ಅವತ್ತು ಒಂದು ಮಾತು ಹೇಳೋಕೆ ಬಿಟ್ರೆ ಸಾಕು. ಬಿಳಿಯವನ್ನ ಕಳಿಸಿದ್ದು ನನ್ನ ಬೆರಳಲ್ಲ."