ಎಡಗೈ ಗಂಟು

ಬೈಂಡಿಂಗ್ ಅಂಗಡಿಯ ಅಕ್ಕ ಸಂಗೀತ ಸಂಘಕ್ಕೆ ಸೇರಿದ್ದು ಜಗಳ ಮಾಡಲು ಹೋಗಿ.

ಅಂಗಡಿ ಕೆಳಗೆ, ಸಂಘದ ಕೋಣೆ ಮೇಲೆ, ನಡುವೆ ಹಳೆಯ ಮರದ ಹಲಗೆಗಳು. ಭಾನುವಾರ ಬೆಳಿಗ್ಗೆ ಮೇಲಿನವರು ಪಿಟೀಲು ಹಿಡಿದು ಕಾಲಲ್ಲಿ ತಾಳ ಹಾಕಲು ಶುರು ಮಾಡಿದರೆ ಕೆಳಗೆ ಹಸಿ ಅಂಟಿನ ಮೇಲೆ ಧೂಳು ಉದುರುತ್ತಿತ್ತು. ಮೂರು ವಾರ ತಾಳಿಕೊಂಡಳು. ನಾಲ್ಕನೆಯ ವಾರ ಅಂಟಿನ ಬ್ರಷ್ಷನ್ನು ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿದಳು. ಒಳಗೆ ಐದು ಜನ ಹಾಳೆಯ ಮೇಲೆ ಕಣ್ಣು ನೆಟ್ಟು ಏನನ್ನೋ ನುಡಿಸುತ್ತಿದ್ದರು. ಮುಗಿಯಲಿ, ಆಮೇಲೆ ಬಾಯಿ ಬಿಡೋಣ ಎಂದು ಬಾಗಿಲಲ್ಲೇ ನಿಂತಳು. ಅದು ಮುಗಿಯುವ ಹೊತ್ತಿಗೆ ಬ್ರಷ್ಷಿನ ಅಂಟು ಒಣಗಿ ಕಡ್ಡಿಯಾಗಿತ್ತು, ಜೊತೆಗೆ ತಂದಿದ್ದ ಬೈಗುಳವೂ ಒಣಗಿತ್ತು. "ಕಾಲಡಿಗೆ ಒಂದು ಗೋಣಿಚೀಲ ಹಾಕ್ಕೊಳ್ಳಿ" ಎಂದಷ್ಟೇ ಹೇಳಿ ಇಳಿದಳು. ಮುಂದಿನ ಭಾನುವಾರ ಗೋಣಿಚೀಲವನ್ನು ತಾನೇ ತಂದು ಹಾಸಿ, ಅದರ ಅಂಚಿನಲ್ಲಿ ಕುಳಿತಳು. ಅದಾಗಿ ಹನ್ನೊಂದು ವರ್ಷ.

ಆ ಸಂಘ, ನೂರು ವರ್ಷದ ಹಿಂದೆ ಅದೇ ಊರಿನಲ್ಲಿ ಬದುಕಿ ಸತ್ತ ಒಬ್ಬ ಸಂಗೀತಗಾರನ ಹೆಸರಿನದು. ಸಂಘದವರು ಆತನನ್ನು ಮನೆಯ ಹಿರಿಯನಂತೆ 'ಅಜ್ಜ' ಎನ್ನುತ್ತಿದ್ದರು. ಅಜ್ಜ ಬರೆದ ಒಂದು ಜೋಗುಳ ಎಲ್ಲರಿಗೂ ಗೊತ್ತು. ಚಾವಿ ಕೊಟ್ಟರೆ ಕುಣಿಯುವ ಗೊಂಬೆಯಲ್ಲಿ ಅದೇ, ಗೋಡೆ ಗಡಿಯಾರದಲ್ಲಿ ಅದೇ, ಫೋನಿನಲ್ಲಿ 'ದಯವಿಟ್ಟು ಕಾಯಿರಿ' ಎಂದಮೇಲೆ ಬರುವುದೂ ಅದೇ. ಆದರೆ ಅಜ್ಜ ಬರೆದದ್ದು ನಲವತ್ತು. ಉಳಿದ ಮೂವತ್ತೊಂಬತ್ತನ್ನು ಜನಕ್ಕೆ ಕೇಳಿಸದೆ ಬಿಡುವುದಿಲ್ಲ ಎಂಬುದು ಸಂಘದ ಹಟ. ಅಧ್ಯಕ್ಷರು ನಿವೃತ್ತ ಪಿಟೀಲು ಮೇಷ್ಟ್ರು. ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು ಹಲ್ಲಿನ ಡಾಕ್ಟರದು. ಕೇಳಲು ಬರುವವರು ಹೆಚ್ಚೆಂದರೆ ಹನ್ನೆರಡು ಮಂದಿ. ಅದರಲ್ಲೂ ಇಬ್ಬರು ಡಾಕ್ಟರ ರೋಗಿಗಳು. ಅರ್ಧ ಕಟ್ಟಿದ ಹಲ್ಲು ಇಟ್ಟುಕೊಂಡು ಬರುವುದಿಲ್ಲ ಎನ್ನಲು ಧೈರ್ಯವಿಲ್ಲದವರು.

ಅಕ್ಕನ ಕೆಲಸ ಅವರಿಗೆಲ್ಲ ಸ್ವರದ ಪುಸ್ತಕ ಕಟ್ಟಿಕೊಡುವುದು. ಪಿಟೀಲು ಹಿಡಿದವನ ಎರಡು ಕೈಗೂ ಬಿಡುವಿರುವುದಿಲ್ಲ. ಆದ್ದರಿಂದ ಪುಸ್ತಕ, ತೆರೆದಿಟ್ಟಲ್ಲಿ ತೆರೆದೇ ಇರಬೇಕು. ಬೆನ್ನಿಗೆ ಅಂಟು ಕಡಿಮೆ ಹಾಕಿ, ಹೊಲಿಗೆ ಸ್ವಲ್ಪ ಸಡಿಲ ಬಿಟ್ಟು ಅವಳು ಕಟ್ಟಿದ ಪುಸ್ತಕ, ಊಟ ಮಾಡಿ ಮಲಗಿದವರ ಹಾಗೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಕಟ್ಟುತ್ತ ಕಟ್ಟುತ್ತ ಹಾಳೆಯ ಮೇಲಿನ ಆ ಚುಕ್ಕಿ ಬಾಲಗಳೇನು ಎಂದು ಕೇಳಿದಳು, ಮೇಷ್ಟ್ರು ಕಲಿಸಿದರು. ನಲವತ್ತೈದನೆಯ ವಯಸ್ಸಿನಲ್ಲಿ ಸ್ವರ ಓದಲು ಕಲಿತಳು.

ಓದಿನ ಭಾಗ್ಯ ಅವಳಿಗೆ ಹತ್ತನೇ ತರಗತಿಗೇ ಮುಗಿದಿತ್ತು. ಅಪ್ಪನ ಅಂಗಡಿ, ಅಪ್ಪನ ದಬ್ಬಣ, ಅಪ್ಪನ ರಟ್ಟಿನ ರಾಶಿ. ಅವಳು ಎಡಚಿ. ಶಾಲೆಯಲ್ಲಿ ಎಡಗೈಗೆ ಪೆಟ್ಟು ಬಿದ್ದಿತ್ತು. ಅಪ್ಪ ಮಾತ್ರ, "ಪುಸ್ತಕಕ್ಕೆ ಯಾವ ಕೈಯಾದರೇನು, ಹೊಲಿಗೆ ನಿಂತರಾಯ್ತು" ಎಂದಿದ್ದ. ಹೀಗಾಗಿ ಅವಳ ಹೊಲಿಗೆ ಲೋಕದ ಹೊಲಿಗೆಗೆ ಉಲ್ಟಾ ಓಡುತ್ತಿತ್ತು, ಕೊನೆಯ ಗಂಟು ಬಲಕ್ಕೆ ಬದಲು ಎಡಕ್ಕೆ ಬೀಳುತ್ತಿತ್ತು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದ ಗಂಡುಗಳಿಗೆಲ್ಲ ಅಂಟು ಹಿಡಿಯಲಿಲ್ಲ" ಎನ್ನುತ್ತಿದ್ದಳು. ಅಪ್ಪ ಹೋದಮೇಲೆ ತಮ್ಮನೂ ಅವಳೂ ಸೇರಿ ಅಂಗಡಿ ನಡೆಸಿದರು. ಊರಿನ ದೊಡ್ಡ ಗ್ರಂಥಾಲಯದ ಹರಿದ ಪುಸ್ತಕಗಳೆಲ್ಲ ಅಪ್ಪನ ಕಾಲದಿಂದ ಅಲ್ಲಿಗೇ ಬರುತ್ತಿದ್ದವು. ಅಂಗಡಿಯ ಅರ್ಧ ಜೀವ ಆ ಕೆಲಸ.

ಅಜ್ಜನ ನಲವತ್ತರಲ್ಲಿ ಸಂಘದವರೂ ಮುಟ್ಟದೆ ಬಿಟ್ಟ ಒಂದು ಇತ್ತು. ಅದು ಆತನ ಕೊನೆಯ ಕೃತಿ. ಆತನ ಕೈಬರಹದ ನೋಟ್‌ಬುಕ್ಕು ಗ್ರಂಥಾಲಯದ ಗಾಜಿನ ಬೀರುವಿನಲ್ಲಿತ್ತು. ಸಂಗೀತದ ಪ್ರೊಫೆಸರೊಬ್ಬರು ಮೂವತ್ತು ವರ್ಷದ ಹಿಂದೆ ಅದನ್ನು ನೋಡಿ ತಮ್ಮ ಪುಸ್ತಕದಲ್ಲಿ ತೀರ್ಪು ಬರೆದಿದ್ದರು: ಕೃತಿ ನಡು ಮಾತಿನಲ್ಲಿ ಶುರುವಾಗುತ್ತದೆ, ಮುಗಿಯುತ್ತದೆ, ಮುಗಿದದ್ದು ಮರೆತು ಮತ್ತೆ ಶುರುವಾಗಿ ನಡು ಮಾತಿನಲ್ಲೇ ನಿಲ್ಲುತ್ತದೆ, ಮುಪ್ಪಿನಲ್ಲಿ ಬುದ್ಧಿ ತಪ್ಪಿದವನ ಬರಹ. ಅಂದಿನಿಂದ, ಅಜ್ಜನ ಯಾವ ಕೃತಿ ಎತ್ತಿದರೂ ಜನ, "ಆತನಿಗೆ ಕೊನೆಗೆ ತಲೆ ಕೆಟ್ಟಿತ್ತಂತಲ್ಲ" ಎಂದು ನಗುವುದು ರೂಢಿಯಾಯಿತು. ಜೋಗುಳವೊಂದು ಬಚಾವಾಯಿತು. ಮಕ್ಕಳಿಗೆ ಈ ಸುದ್ದಿ ಮುಟ್ಟುವ ಮೊದಲೇ ನಿದ್ದೆ ಬರುತ್ತದಲ್ಲ.

ಆ ವರ್ಷ ಅಜ್ಜ ಸತ್ತು ನೂರು ತುಂಬುತ್ತಿತ್ತು. ಗ್ರಂಥಾಲಯದ ಸಭಾಂಗಣದಲ್ಲಿ ಕಛೇರಿ ಎಂದಾಯಿತು; ಏನು ನುಡಿಸಬೇಕೆಂದು ಹೇಳುವ ಸಮಿತಿಗೆ ಪ್ರೊಫೆಸರೇ ಹಿರಿಯರು. ಜೋಗುಳ ಮತ್ತು ಭಾಷಣಗಳು ಎಂದು ಅವರು ಬರೆದು ಕಳಿಸಿದರು. ಮೇಷ್ಟ್ರಿಗೆ ರೇಗಿತು. ಹಾಗಾದರೆ ಆ ಹುಚ್ಚು ನೋಟ್‌ಬುಕ್ಕನ್ನೇ ನುಡಿಸುತ್ತೇವೆ, ಹುಚ್ಚಾದರೂ ನಮ್ಮಜ್ಜನ ಹುಚ್ಚು ಎಂದು, ನಕಲು ಮಾಡಿಕೊಳ್ಳಲು ಅನುಮತಿ ಬರೆಸಿಕೊಂಡು ಅಕ್ಕನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದರು.

ಗ್ರಂಥಪಾಲಕಿ ಬೀರು ತೆಗೆದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ಅಕ್ಕ ಎಲ್ಲರ ಹಾಗೆ ಮೊದಲ ಪುಟ ತೆರೆಯಲಿಲ್ಲ. ಅಭ್ಯಾಸಬಲ, ಬೆನ್ನು ನೋಡಿದಳು. ಆಮೇಲೆ ಹಿಂದಿನ ರಟ್ಟು ತೆರೆದಳು. ಒಳಗೆ ಒಂದು ನೀಲಿ ಚೀಟಿ: ಅಪ್ಪನ ಅಂಗಡಿಯದು. ಹೊಲಿಗೆಯ ಗಂಟು ಎಡಕ್ಕೆ ಬಿದ್ದಿತ್ತು.

ಮೇಷ್ಟ್ರು ಏನೋ ಹೇಳುತ್ತಿದ್ದರು. ಅವಳಿಗೆ ಕೇಳಿಸಲಿಲ್ಲ.

ಅವಳಿಗೆ ಆಗ ಹತ್ತೊಂಬತ್ತು. ಕತ್ತರಿಸುವ ಯಂತ್ರ ಅಪ್ಪನ ಹೆಬ್ಬೆರಳಿಗೆ ತಾಗಿ, ಅವನು ಕೈಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ ವಾರ ಗ್ರಂಥಾಲಯದಿಂದ ಒಂದು ಹುಳು ತಿಂದ ನೋಟ್‌ಬುಕ್ಕು ಬಂದಿತ್ತು. ಹಳೆಯ ರಟ್ಟು ಪುಡಿಪುಡಿ, ದಾರ ಕೊಳೆತಿತ್ತು. ಒಂದರೊಳಗೊಂದು ಮಡಚಿಟ್ಟ ಹಾಳೆಗಳ ಆರು ಕಂತೆ. ಪುಟಸಂಖ್ಯೆ ಇಲ್ಲ, ಹೆಸರಿಲ್ಲ. ಅವಳು ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಖಾಲಿ ಪುಸ್ತಕಗಳು. ಖಾಲಿ ಪುಸ್ತಕಕ್ಕೆ ಒಂದು ನಿಯಮವಿದೆ: ಗಟ್ಟಿ ಕಾಗದದ ಕಂತೆ ಮೊದಲಿಗೆ ಮತ್ತು ಕೊನೆಗೆ, ತೆಳ್ಳಗಿನದು ನಡುವೆ. ಪೆಟ್ಟು ತಿನ್ನುವುದು ಹೊರಗಿನ ಹಾಳೆಗಳು ತಾನೆ. ಆ ಆರರಲ್ಲಿ ಎರಡು ಕಂತೆ ಗಟ್ಟಿ ಕಾಗದ. ಒಂದನ್ನು ಮುಂದಿಟ್ಟಳು, ಒಂದನ್ನು ಹಿಂದಿಟ್ಟಳು, ಹೊಲಿದಳು. ಹಾಳೆಯ ಮೇಲಿನ ಚುಕ್ಕಿ ಬಾಲಗಳು ಆಗ ಅವಳ ಪಾಲಿಗೆ ಇರುವೆ ಸಾಲು. ಅಪ್ಪ ಒಂದೇ ಕೈಯಲ್ಲಿ ಪುಸ್ತಕವನ್ನು ತಿರುಗಿಸಿ ನೋಡಿ, ನೀಲಿ ಚೀಟಿಯನ್ನು ಅವಳ ಕೈಗೇ ಕೊಟ್ಟು ಅಂಟಿಸು ಎಂದ. "ಇನ್ನು ನೀನೂ ಬೈಂಡರೇ ಕಣಮ್ಮ" ಎಂದ. ಅವಳ ಬದುಕಿನಲ್ಲಿ ಅಷ್ಟು ದೊಡ್ಡ ಮಾತನ್ನು ಯಾರೂ ಮತ್ತೆ ಆಡಿರಲಿಲ್ಲ.

ಈಗ ಅವಳು ಪುಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಹುಳು ಕೊರೆದ ತೂತು ಮೊದಲ ಕಂತೆಯಲ್ಲಿತ್ತು, ಎರಡನೆಯದರಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಮತ್ತೆ ಇತ್ತು. ಹುಳು ಒಂದು ಕಂತೆಯ ಮೇಲೆ ಹಾರಿ ಇನ್ನೊಂದಕ್ಕೆ ಹೋಗುವುದಿಲ್ಲ. ತೆಳು ಕಾಗದ ತಂದು, ತೂತು ಬಿದ್ದಿದ್ದ ಐದೂ ಕಂತೆಯ ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಳು. ಒಂದರಲ್ಲಿ ತೂತು ಮಡಿಕೆಯಿಂದ ಹೆಬ್ಬೆರಳಷ್ಟು ದೂರ, ಇನ್ನೊಂದರಲ್ಲಿ ಸ್ವಲ್ಪ ಹತ್ತಿರ, ಮತ್ತೊಂದರಲ್ಲಿ ಇನ್ನೂ ಹತ್ತಿರ. ದೂರದ ಪ್ರಕಾರ ಜೋಡಿಸಿದರೆ ಹುಳು ಹಿಂಬದಿಯಿಂದ ಒಳಹೊಕ್ಕು, ಐದು ಕಂತೆ ದಾಟಿ, ಮೊದಲ ಕಂತೆ ಮುಟ್ಟುವ ಮುಂಚೆ ಸತ್ತಿತ್ತು. ಮುಂದಿದ್ದ ಗಟ್ಟಿ ಕಂತೆ ನಿಜಕ್ಕೂ ಮೂರನೆಯದು. ಹಿಂದಿದ್ದದ್ದು ನಾಲ್ಕನೆಯದು.

ಮೇಷ್ಟ್ರು ಆ ಕ್ರಮದಲ್ಲಿ ನಕಲು ಜೋಡಿಸಿಕೊಂಡು ಮರುದಿನ ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಒಬ್ಬರೇ ನುಡಿಸಿದರು. ಅಕ್ಕ ಕೆಳಗೆ ರಟ್ಟು ಕತ್ತರಿಸುತ್ತಿದ್ದಳು. ಎರಡನೆಯ ಕಂತೆ ಮುಗಿದು ಮೂರನೆಯದು ಬಂದಾಗ, ಒಬ್ಬರು ಕೇಳಿದ ಪ್ರಶ್ನೆಗೆ ಪಕ್ಕದ ಕೋಣೆಯಿಂದ ಇನ್ನೊಬ್ಬರು ಉತ್ತರ ಹೇಳಿದಂತಾಯಿತು. ಕತ್ತರಿ ಕೆಳಗಿಟ್ಟಳು. ಮೂವತ್ಮೂರು ವರ್ಷ ಆ ಉತ್ತರವನ್ನು ಅವಳೇ ದಾರ ಹಾಕಿ ಹೊಲಿದು ಬಾಯಿ ಮುಚ್ಚಿಸಿದ್ದಳು.

ತಮ್ಮನಿಗೆ ಹೇಳಿದಾಗ ಅವನು ಅಂಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟ.

"ಕ್ರಮ ತಪ್ಪಿದೆ ಅಂತ ಹೇಳಕ್ಕ, ಬೇಡ ಅನ್ನಲ್ಲ. ಯಾರು ತಪ್ಪಿಸಿದ್ದು ಅಂತ ಯಾಕೆ ಹೇಳ್ಬೇಕು?"

"ಯಾರೂ ತಪ್ಪಿಸಿಲ್ಲ ಅಂದ್ರೆ ಅಜ್ಜನೇ ತಪ್ಪಿಸಿದ್ದು ಅಂತಾರೆ. ಇಷ್ಟು ವರ್ಷ ಅಂದಿದ್ದು ಅದನ್ನೇ."

"ಅಪ್ಪನ ಚೀಟಿ ಇದೆ ಅದರೊಳಗೆ. ಗ್ರಂಥಾಲಯದವರು ನಾಳೆಯಿಂದ ಒಂದು ಪುಸ್ತಕ ಕೊಡ್ತಾರಾ? ಸತ್ತವನ ಮರ್ಯಾದೆ ಉಳಿಸೋಕೆ ಇನ್ನೊಬ್ಬ ಸತ್ತವನ ಮರ್ಯಾದೆ ತೆಗೀತೀಯಾ?"

ಅವಳಿಗೆ ಅದು ಸರಿಯಾಗಿ ನಾಟಿತು.

"ಅಪ್ಪ ಮೆಚ್ಚಿಕೊಂಡಿದ್ದು ಹೊಲಿಗೇನ. ಹೊಲಿಗೆ ಇವತ್ತೂ ಗಟ್ಟಿಯಾಗೇ ಇದೆ ಕಣೋ. ಅದಕ್ಕೇ ಇಷ್ಟು ವರ್ಷ ಯಾರಿಗೂ ಬಿಚ್ಚೋಕೆ ಆಗ್ಲಿಲ್ಲ."

ತಮ್ಮ ಅಂಟಿನ ಪಾತ್ರೆಯನ್ನು ಮತ್ತೆ ಒಲೆಗೇರಿಸಿದ. ಸಂಜೆ ಬಾಗಿಲು ಹಾಕುವಾಗ ಬೀಗದ ಕೈಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋದ.

ಸಮಿತಿ ಸೇರಿದ್ದು ಗ್ರಂಥಾಲಯದ ಮೇಲಂತಸ್ತಿನಲ್ಲಿ, ಉದ್ದನೆಯ ಮೇಜಿನ ಸುತ್ತ. ಮೇಷ್ಟ್ರು, ಡಾಕ್ಟರು, ಅಕ್ಕ ಒಂದು ಕಡೆ. ಪ್ರೊಫೆಸರು ಕೆಟ್ಟವರಲ್ಲ, ಎದ್ದು ಕುರ್ಚಿ ಎಳೆದುಕೊಟ್ಟರು, ನೀರು ಕುಡಿಯಿರಿ ಎಂದರು. ಅಕ್ಕ ತೆಳು ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಹುಳುವಿನ ದಾರಿ ತೋರಿಸಿದಳು. ಗಟ್ಟಿ ಕಾಗದದ ನಿಯಮ ಹೇಳಿದಳು. ಹೊಲಿದದ್ದು ತಾನೇ ಎಂದಳು; ಅಪ್ಪನ ಹೆಬ್ಬೆರಳಿನ ಕಥೆಯನ್ನು ಮಾತ್ರ ಹೇಳಲಿಲ್ಲ. ನೆಪ ಹೇಳಿದಂತಾಗುತ್ತದೆ ಎಂದು ಅವಳಿಗನಿಸಿತು.

ಪ್ರೊಫೆಸರು ಬಹಳ ಹೊತ್ತು ಗಾಜಿನ ಕಡೆ ನೋಡಿದರು. ಹುಳುವನ್ನು ಸಾಕ್ಷಿಗೆ ಕರೆದದ್ದು ಇದೇ ಮೊದಲು ಎಂದು ನಕ್ಕರು. ಸಂಗೀತದ ವಿಚಾರ ಸಂಗೀತದವರು ತೀರ್ಮಾನಿಸಬೇಕು, ಇದಕ್ಕೆ ಇನ್ನೂ ಅಧ್ಯಯನ ಬೇಕು, ಸದ್ಯಕ್ಕೆ ಜೋಗುಳ ಇರಲಿ ಎಂದರು. ಆಮೇಲೆ ದನಿ ತಗ್ಗಿಸಿದರು.

"ನೀವು ಹೇಳೋದು ನಿಜ ಅಂತಾದ್ರೆ ನನ್ನ ಮೂವತ್ತು ವರ್ಷದ ಮಾತು ಸುಳ್ಳಾಗುತ್ತಲ್ಲಮ್ಮ."

"ಅದು ನಿಮ್ಮ ಸುಳ್ಳಲ್ಲ ಸರ್, ನನ್ನದು. ನಾನು ಹೊಲಿದ ಹಾಗೆ ನೀವು ಓದಿದ್ರಿ." ಅವಳು ಕಾಗದಗಳನ್ನು ಮಡಚಿದಳು. "ಗೊತ್ತಾದ ಮೇಲೂ ಹಾಗೇ ಓದಿದ್ರೆ, ಆಗ ಅದು ನಿಮ್ಮದು."

ಮೇಜಿನ ಆಚೆ ಬದಿಯಲ್ಲಿ ಯಾರೋ ಕೆಮ್ಮಿದರು. ಗ್ರಂಥಾಲಯದವನೇ ಆದ ಸಮಿತಿಯ ಕಾರ್ಯದರ್ಶಿ, ಅಮೂಲ್ಯ ಗ್ರಂಥವನ್ನು ಕೆಡಿಸಿದ್ದು ತಾನೇ ಎಂದು ಈಕೆ ಒಪ್ಪಿಕೊಂಡಂತಾಯಿತು, ಇನ್ನು ಇಲ್ಲಿನ ಕೆಲಸ ಆ ಅಂಗಡಿಗೆ ಹೋಗುವುದು ಕಷ್ಟ ಎಂದು ನಿಯಮ ಓದಿದಂತೆ ಹೇಳಿದ. ಅಕ್ಕ ತಲೆಯಾಡಿಸಿದಳು. ಎದ್ದು ನಿಂತು ಕೊನೆಗೊಂದು ಕೇಳಿದಳು: ನೋಟ್‌ಬುಕ್ಕನ್ನು ಬಿಚ್ಚಿ ಸರಿಯಾಗಿ ಹೊಲಿದುಕೊಡುತ್ತೇನೆ, ಕೆಡಿಸಿದ ಕೈಯೇ ಸರಿ ಮಾಡಲಿ. ಅದಕ್ಕೂ ಇಲ್ಲ ಎಂದರು. ಮೆಟ್ಟಿಲಿಳಿಯುವಾಗ ಡಾಕ್ಟರು, ಈ ಸಮಿತಿಯಲ್ಲಿ ಎಲ್ಲರ ಹಲ್ಲೂ ತನಗೆ ಗೊತ್ತು, ಒಬ್ಬರದೂ ಗಟ್ಟಿಯಿಲ್ಲ ಎಂದರು.

ಇಲ್ಲ ಎಂದಮೇಲೆ ಅವಳಿಗೆ ದಾರಿ ಸಲೀಸಾಯಿತು. ಬೀರುವಿನ ನೋಟ್‌ಬುಕ್ಕು ಬೀರುವಿನಲ್ಲೇ ಇರಲಿ. ಅಜ್ಜನ ಕೊನೆಯ ಕೃತಿಯನ್ನು ಸಂಘವೇ ಅಚ್ಚು ಹಾಕಿಸುತ್ತದೆ. ಮೇಷ್ಟ್ರು ಕಣ್ಣಿಗೆ ಭೂತಗನ್ನಡಿ ಹಿಡಿದು ನಕಲು ತಿದ್ದಿದರು. ಅಕ್ಕ ಎರಡು ತಿಂಗಳು ಬೆಳಗಿನ ಹೊತ್ತು ಕುಳಿತು ನೂರು ಪ್ರತಿ ಕಟ್ಟಿದಳು. ಹೆಸರಿನ ಪುಟಕ್ಕೂ ಮುಂಚಿನ ಪುಟದಲ್ಲಿ ಎರಡು ಸಾಲು ಹಾಕಿಸಿದಳು: 'ಈ ಕೃತಿಯ ಕ್ರಮವನ್ನು ತಪ್ಪಿಸಿ ಹೊಲಿದವಳು ನಾನು, ಬರೆದವರಲ್ಲ. ಬರೆದವರ ಬುದ್ಧಿ ನೆಟ್ಟಗಿತ್ತು.' ಕೆಳಗೆ ಅಂಗಡಿಯ ವಿಳಾಸ. ಸ್ವಲ್ಪ ಮೆತ್ತಗೆ ಬರೆಯಬಹುದಲ್ಲ ಎಂದು ಮೇಷ್ಟ್ರು ಕೇಳಿದ್ದಕ್ಕೆ, ತನಗೆ ಮೆತ್ತಗೆ ಕಟ್ಟಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂದಳು.

ಗ್ರಂಥಾಲಯದ ಗಾಡಿ ಬರುವುದು ನಿಂತಿತ್ತು. ತಮ್ಮ, ಶಾಲೆಗಳನ್ನೂ ವಕೀಲರ ಕಚೇರಿಗಳನ್ನೂ ಸುತ್ತಿ ಕೆಲಸ ತಂದ. ಮನೆಯಲ್ಲಿ ಅಕ್ಕನೊಂದಿಗೆ ಬೇಕಾದಷ್ಟೇ ಮಾತು. ನೂರು ಪ್ರತಿಗೂ ರಟ್ಟು ಹಾಕಿ ಮುಗಿದ ದಿನ ಅವನು ಒಂದು ಪ್ರತಿ ಎತ್ತಿಕೊಂಡು ಆ ಎರಡು ಸಾಲನ್ನು ನಿಂತೇ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಕಪಾಟಿನ ಮೇಲಿಂದ ಅಪ್ಪನ ಕಾಲದ ಡಬ್ಬಿ ಇಳಿಸಿದ. ಒಳಗೆ ಉಳಿದಿದ್ದ ನೀಲಿ ಚೀಟಿಗಳು.

"ಇವನ್ನ ಎಲ್ಲಿ ಅಂಟಿಸ್ಲಿ ಅಕ್ಕ? ಹಿಂದಿನ ರಟ್ಟಿಗೋ, ಮುಂದಿಂದಕ್ಕೋ?"

"ಮುಂದಿಂದಕ್ಕೆ" ಎಂದಳು. "ತೆಗೆದ ಕೂಡ್ಲೇ ಕಾಣಿಸ್ಲಿ."

ಮೊದಲ ಪ್ರತಿಯನ್ನು ಅವಳೇ ಗ್ರಂಥಾಲಯಕ್ಕೆ ಒಯ್ದಳು. ಊರಿನಲ್ಲಿ ಅಚ್ಚಾದ ಪ್ರತಿ ಪುಸ್ತಕಕ್ಕೂ ಕಪಾಟಿನಲ್ಲಿ ಜಾಗ ಕೊಡಬೇಕೆಂಬುದು ಅವರದೇ ನಿಯಮ. ಗ್ರಂಥಪಾಲಕಿ ಚೀಟಿ ನೋಡಿದಳು, ಅಕ್ಕನ ಮುಖ ನೋಡಿದಳು, ಮುದ್ರೆ ಒತ್ತಿದಳು.

ಸಭಾಂಗಣದಲ್ಲಿ ಜೋಗುಳವೂ ಭಾಷಣಗಳೂ ನಡೆದ ಅದೇ ಭಾನುವಾರ, ಅದೇ ಹೊತ್ತಿಗೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಅಜ್ಜನ ಕೊನೆಯ ಕೃತಿ ಮೊದಲ ಸಲ ಪೂರ್ತಿ ಕೇಳಿಸಿತು. ಹನ್ನೆರಡು ಮಂದಿಯ ಬದಲು ಐವತ್ತು ಜನ ಬಂದಿದ್ದರು. ಕೋಣೆ ಸಾಲದೆ ಮೆಟ್ಟಿಲ ಮೇಲೂ ಅಂಗಡಿಯ ರಟ್ಟಿನ ರಾಶಿಯ ಮೇಲೂ ಕುಳಿತರು. ಮುಗಿದಾಗ ಯಾರೋ ಒಬ್ಬರು, ಕೊನೆಗೆ ಆ ಜೋಗುಳವನ್ನೂ ಬಾರಿಸಿಬಿಡಿ ಎಂದು ಕೂಗಿದರು. ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟರು. "ಅದನ್ನ ಮನೇಲಿ ನಿಮ್ಮಮ್ಮನ ಹತ್ರ ಹೇಳಿಸಿಕೊಳ್ಳಿ" ಎಂದರು. "ಇಲ್ಲಿ ನಾವು ಎಚ್ಚರ ಇರೋರಿಗೆ ಮಾತ್ರ ನುಡಿಸೋದು."

ಅಕ್ಕ ಮೇಷ್ಟ್ರ ಮುಂದೆ ತೆರೆದಿದ್ದ ಪುಸ್ತಕವನ್ನು ಎತ್ತಿಕೊಳ್ಳಲು ಬಂದಳು. ಕೊನೆಯ ಪುಟ ತೆರೆದಿತ್ತು. ಎಷ್ಟು ಹೊತ್ತಾದರೂ ಅದು ತಾನಾಗಿ ಮುಚ್ಚಿಕೊಂಡಿರಲಿಲ್ಲ. ಅವಳೂ ಮುಚ್ಚಲಿಲ್ಲ, ಹಾಗೆಯೇ ಬಿಟ್ಟು, ಕೆಳಗಿಳಿದು, ಅಂಟು ಕಲಸಲು ನೀರು ಕಾಯಿಸಿದಳು.