ಜವರಮ್ಮನ ಬಿಲ್ವಪತ್ರೆ

ಮಲ್ಲಂದೂರಿನ ದಾರಿಯಲ್ಲಿರುವ ಮಠದ ‘ಶಿವಬೆಳಗು’ ವಾರಪತ್ರಿಕೆಯಲ್ಲಿ ಶಾಂತವೀರಪ್ಪನವರು ಇಪ್ಪತ್ತೈದು ವರ್ಷ ಅಚ್ಚುಮೊಳೆ ಜೋಡಿಸಿದವರು. ಪತ್ರಿಕೆಯನ್ನು ಸ್ಥಾಪಿಸಿದ ಹಿರಿಯ ಸ್ವಾಮಿಗಳು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಸುತ್ತಿನ ಊರು, ಎಸ್ಟೇಟುಗಳಲ್ಲಿ ಆ ವರ್ಷ ತೀರಿಕೊಂಡವರ ಹೆಸರುಗಳೆಲ್ಲ, ಜಾತಿ ಕೇಳದೆ, ಶಿವರಾತ್ರಿ ಸಂಚಿಕೆಯಲ್ಲಿ ಬರಬೇಕು. ಹಬ್ಬದ ಬೆಳಿಗ್ಗೆ ಸ್ವಾಮಿಗಳು ಪತ್ರಿಕೆ ಹಿಡಿದು ಒಂದೊಂದೇ ಹೆಸರು ಓದುವರು; ಆ ಮನೆಯವರು ಎದ್ದು ಹೋಗಿ ಗದ್ದುಗೆಗೆ ಬಿಲ್ವಪತ್ರೆ ಏರಿಸುವರು.

ಒಂದು ವರ್ಷ ಪಟ್ಟಿ ಒಂದು ಸಾಲು ಹೆಚ್ಚಾಯಿತು. ಪುಟದಲ್ಲಿ ಜಾಗವಿರಲಿಲ್ಲ. ಶಾಂತವೀರಪ್ಪನವರು ಕಾಫಿ ಕೊಯ್ಯುತ್ತಿದ್ದ ಜವರಮ್ಮನ ಹೆಸರನ್ನು ತೆಗೆದುಹಾಕಿದರು. ಎಸ್ಟೇಟಿನ ಕೂಲಿಗಳ ಲೈನು ಮನೆಯವರು, ಕೇಳಲು ಯಾರು ಬರುತ್ತಾರೆ ಎಂದುಕೊಂಡರು.

ಹಬ್ಬದ ಬೆಳಿಗ್ಗೆ ಓದುವುದು ಮುಗಿದು ಎಲ್ಲರೂ ಎದ್ದರು. ಕಂಬದ ಬುಡದಲ್ಲಿ ಜವರಮ್ಮನ ಗಂಡ ಕೃಷ್ಣಪ್ಪ ಮಾತ್ರ ಎಲೆ ಹಿಡಿದು ಕುಳಿತೇ ಇದ್ದ.

“ಅಯ್ಯಾ, ನಮ್ಮೋಳ್ ಹೆಸ್ರು ಇನ್ನೂ ಕೂಗ್ಲಿಲ್ಲ.”

“ಮುಂದಿನ ವರ್ಷ ಬರ್ಬಹುದು ಬಿಡು ಮಾರಾಯ,” ಎಂದು ಬಾಯಿಗೆ ಬಂದದ್ದು ಹೇಳಿ ಶಾಂತವೀರಪ್ಪನವರು ಜಾರಿಕೊಂಡರು.

ಕೃಷ್ಣಪ್ಪ ಆ ಮಾತನ್ನು ನಂಬಿದ. ಮರುವರ್ಷ ಹೊಸ ಎಲೆ ಹಿಡಿದು ಅದೇ ಕಂಬದ ಬುಡದಲ್ಲಿ ಕುಳಿತ. ಅದರ ಮರುವರ್ಷವೂ. ನಾಲ್ಕನೆಯ ವರ್ಷ ಶಾಂತವೀರಪ್ಪನವರು ಕೃಷ್ಣಪ್ಪನ ಹೆಸರನ್ನೇ ಜೋಡಿಸಬೇಕಾಯಿತು. ಕೆಳಗೆ ಅವಳದನ್ನೂ ಸೇರಿಸೋಣವೆಂದು ‘ಜ’ ಮೊಳೆಯನ್ನು ಎತ್ತಿಕೊಂಡರು. ಹಳೆಯ ತಪ್ಪು ಬಯಲಾದೀತೆಂದು ಹೆದರಿ ಮತ್ತೆ ಖಾನೆಗೆ ಹಾಕಿದರು.

ಆ ಬೆಳಿಗ್ಗೆ ಕೃಷ್ಣಪ್ಪನ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ಶಾಂತವೀರಪ್ಪನವರಿಗೆ ಮಾತ್ರ ಅವನು ಕಂಬದ ಬುಡದಲ್ಲಿ ಎಲೆ ಹಿಡಿದು ಕುಳಿತದ್ದು ಕಂಡಿತು. ಅಂದಿನಿಂದ ಪ್ರತಿ ಶಿವರಾತ್ರಿಗೂ ಕಂಡಿತು. ಮಂಡಿನೋವೆಂದು ಅವರು ಮಠಕ್ಕೆ ಹೋಗದೆ ಉಳಿದ ವರ್ಷ, ಅವನು ಮನೆಯ ಜಗಲಿಯ ಕಂಬದ ಬುಡಕ್ಕೇ ಬಂದು ಕುಳಿತಿದ್ದ.

ಈ ವರ್ಷದ ಶಿವರಾತ್ರಿ ಸಂಚಿಕೆಯೇ ಕೊನೆಯದು, ಮುಂದೆ ಪತ್ರಿಕೆ ಮೊಬೈಲಿನಲ್ಲಿ ಮಾತ್ರ ಎಂದು ತಿಳಿದ ದಿನ ಶಾಂತವೀರಪ್ಪನವರು ಕೋಲೂರಿಕೊಂಡು ಕಚೇರಿಗೆ ಹೋದರು. ಈಗಿನ ಸಂಪಾದಕ ರೇಣುಕಪ್ರಸಾದನ ಮುಂದೆ ಹೆಸರು ಬರೆದ ಚೀಟಿ ಇಟ್ಟರು.

“ಈ ಜವರಮ್ಮ ಯಾವಾಗ ಹೋದ್ರು ಶಾಂತಣ್ಣ?”

“ಮೂವತ್ತಾರು ವರ್ಷ ಆಯ್ತು.”

“ಸುದ್ದಿ ಸ್ವಲ್ಪ ತಡ ಆಯ್ತಲ್ಲ ಮಾರಾಯ್ರೆ!”

ಮುದುಕರು ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು. ರೇಣುಕಪ್ರಸಾದ ಕಂಪ್ಯೂಟರಿನ ಕಡೆ ತಿರುಗಿದ.

“ಪುಟ ತುಂಬಿದೆ ಅಲ್ವೇನೋ?” ಎಂದರು ಶಾಂತವೀರಪ್ಪನವರು.

“ತುಂಬಿದ್ರೇನು? ಅಕ್ಷರ ಒಂಚೂರು ಸಣ್ಣ ಮಾಡಿದ್ರಾಯ್ತು. ನೋಡಿ, ಕೂತ್ಕೊಂಡ್ತು.”

ಒಂದು ಗುಂಡಿ ಒತ್ತಿದ್ದಷ್ಟೇ. ಶಾಂತವೀರಪ್ಪನವರು ಬಹಳ ಹೊತ್ತು ಆ ಸಾಲನ್ನೇ ನೋಡುತ್ತ ನಿಂತರು.

ಹಬ್ಬದ ಬೆಳಿಗ್ಗೆ, ಪಟ್ಟಿಯ ಕೊನೆಗೆ, ಸ್ವಾಮಿಗಳು “ಜವರಮ್ಮ” ಎಂದು ಓದಿದರು. ಯಾರೂ ಏಳಲಿಲ್ಲ. ಶಾಂತವೀರಪ್ಪನವರು ಕಂಬದ ಕಡೆ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿ ನಡೆದು, ಅಂಗೈಯಲ್ಲಿ ಬಾಡಿದ್ದ ಎಲೆಯನ್ನು ಗದ್ದುಗೆಗೆ ಏರಿಸಿದರು. ಹಿಂದಿರುಗುವಾಗ ನೋಡದೆ ಇರಲಾಗಲಿಲ್ಲ.

ಕಂಬದ ಬುಡ ಖಾಲಿಯಾಗಿತ್ತು. ಮಂಡಿ ಹಿಡಿದುಕೊಂಡು ಅಲ್ಲೇ ಕುಳಿತರು. ಯಾರೋ ಈಗಷ್ಟೇ ಎದ್ದು ಹೋದಂತೆ ನೆಲ ಬೆಚ್ಚಗಿತ್ತು.